ಕರಿ ತಲೆಯ ಸ್ಕ್ರೂ

ನಕಲು ಮಾಡುವ ಮಶೀನಿನ ಹಿಂದಕ್ಕೆ ಹೋಗಿ ಮಂಡಿಯೂರಿ ಕೂತ ಕೂಡಲೇ ಅವನಿಗೆ ಅದು ಕಂಡಿತು. ಕಂಡಿತು ಅನ್ನುವುದಕ್ಕಿಂತ, ಅದು ಅಲ್ಲಿ ಇರಬೇಕು ಅನ್ನುವುದು ಮೊದಲು ನೆನಪಾಗಿ, ಆಮೇಲೆ ಕಣ್ಣು ಒಲ್ಲದ ಮನಸ್ಸಿನಿಂದ ಅಲ್ಲಿಗೆ ಹೋಯಿತು ಅನ್ನಬೇಕು. ಹಿಂಬದಿಯ ಮುಚ್ಚಳಕ್ಕೆ ಹನ್ನೊಂದು ಸ್ಕ್ರೂ. ಹತ್ತರ ತಲೆ ಬೆಳ್ಳಗೆ, ಕೆಳಗಿನ ಎಡಮೂಲೆಯದ್ದೊಂದು ಕಪ್ಪು. ಬೇರೆಯವರು ಇಡೀ ದಿನ ದಿಟ್ಟಿಸಿದರೂ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅವನಿಗೆ ಮಾತ್ರ ಅದರ ಲೆಕ್ಕ ಗೊತ್ತಿತ್ತು. ಮೂರು ವಾರದ ಹಿಂದೆ ಇದೇ ಜಾಗದಲ್ಲಿ, ಹೀಗೇ ಮಂಡಿಯೂರಿ, ಇದೇ ಮಶೀನಿನ ಸರ್ವೀಸು ಮುಗಿಸಿ ಮುಚ್ಚಳ ಹಾಕುವಾಗ ಆಯಸ್ಕಾಂತದ ತಟ್ಟೆಯ ಮೇಲೆ ಹತ್ತೇ ಉಳಿದಿದ್ದವು. ಒಂದು ಹೆಚ್ಚು ಉಳಿದರೆ ಯಾವ ಮೆಕ್ಯಾನಿಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜೇಬಿಗೆ ಹಾಕಿಕೊಂಡು ಮಶೀನಿನ ಭಾರ ಇಳಿಸಿದೆ ಅಂತ ನಗುತ್ತಾನೆ. ಕಡಿಮೆಯಾದರೆ ಹಾಗಲ್ಲ. ಕಡಿಮೆಯಾದದ್ದು ಒಳಗೆ ಬಿದ್ದಿದೆ ಎಂದೇ ಅರ್ಥ, ಅದು ಕೈಗೆ ಸಿಗುವವರೆಗೆ ಮುಚ್ಚಳ ಮುಚ್ಚಬಾರದು. ಸರ್ವೀಸಿಗೆ ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಕಿವಿ ಹಿಂಡಿ ಕಲಿಸಿದವನೇ ಅವನು. ಅಂಥವನು ಅವತ್ತು ನೆಲದ ಮೇಲೆ ಅಂಗೈ ಆಡಿಸಿ ಹುಡುಕಿದ, ಟಾರ್ಚು ಬಿಟ್ಟು ಒಳಗೆ ಇಣುಕಿದ, ಬೆಳಕು ಬೆಳಕಾಗಿ ಕಾಣುವ ಬದಲು ಹಾಲು ಚೆಲ್ಲಿದಂತೆ ಕಂಡಿತು. ಕೊನೆಗೆ ತಗಡಿನ ಡಬ್ಬಿಯಿಂದ ಅದೇ ಅಳತೆಯ ಇನ್ನೊಂದನ್ನು ಹೆಕ್ಕಿ, ತಲೆ ಕಪ್ಪಾದರೇನು ಎಂದುಕೊಂಡು ಬಿಗಿದು ಎದ್ದುಹೋಗಿದ್ದ.

ಈಗ ಬೆನ್ನ ಹಿಂದೆ ಮ್ಯಾನೇಜರು ನಿಂತಿದ್ದರು, ಅವರಿಗಿಂತ ಒಂದು ಹೆಜ್ಜೆ ಹಿಂದೆ ಟೈಪಿಸ್ಟು. ಮಧ್ಯಾಹ್ನ ಮೂರಕ್ಕೆ ಮೇಲಿನವರ ಸಭೆ, ಅದಕ್ಕೆ ಇನ್ನೂರ ನಲವತ್ತು ಪುಟ ನಕಲಾಗಬೇಕು, ಬೆಳಿಗ್ಗೆ ಒಂಬತ್ತೂವರೆಗೆ ಮಶೀನು ಕಟಕಟ ಹಲ್ಲು ಕಡಿದು ನಿಂತುಬಿಟ್ಟಿದೆ. ಇಷ್ಟನ್ನು ಮ್ಯಾನೇಜರು ಫೋನಿನಲ್ಲಿ ಒಂದು ಸಲ, ಅವನು ಬಂದಮೇಲೆ ಎರಡು ಸಲ ಹೇಳಿಯಾಗಿತ್ತು. ಹೇಳುವಾಗೆಲ್ಲ ಅವರು ನೋಡುತ್ತಿದ್ದದ್ದು ಅವನನ್ನಲ್ಲ, ಟೈಪಿಸ್ಟನ್ನು. ಆಕೆ ಆರು ತಿಂಗಳಿಗೊಮ್ಮೆ ಮುಂದುವರಿಸುವ ಹಂಗಾಮಿ ಕೆಲಸದವಳು. ನಾಲ್ಕು ವರ್ಷದಿಂದ ಹಾಗೇ ಆರಾರು ತಿಂಗಳು ಉಸಿರು ಹಿಡಿದುಕೊಂಡು ಬಂದವಳು. ಈ ಸಲದ ಅವಧಿ ಇವತ್ತಿಗೆ ಮುಗಿಯುತ್ತದೆ, ಮುಂದುವರಿಸುವ ಕಾಗದ ಮ್ಯಾನೇಜರ ಮೇಜಿನ ಮೇಲೆ ಸಹಿಗೆ ಕಾದಿದೆ. ಇದೆಲ್ಲ ಹೊರಗಿನವನಾದ ಅವನಿಗೆ ಹತ್ತೇ ನಿಮಿಷದಲ್ಲಿ ತಿಳಿದುಹೋಗಿತ್ತು, ಯಾಕೆಂದರೆ ಮ್ಯಾನೇಜರು ಅದನ್ನು ಅವನೆದುರೇ ಆಡಿದ್ದರು. ಪಿನ್ನು ಕೀಳದೆ ಕಾಗದ ತುರುಕುತ್ತಾರೆ, ಸಿಕ್ಕಿಕೊಂಡರೆ ದರದರ ಎಳೆಯುತ್ತಾರೆ, ಇಂಥವರನ್ನು ನಂಬಿ ಮಶೀನು ಬಿಡುವುದು ಹೇಗೆ, ನೀವೇ ಹೇಳಿ ಎಂದು ಅವನನ್ನು ನ್ಯಾಯ ಹೇಳಲು ಕರೆಸಿದವರಂತೆ ಕೇಳಿದ್ದರು. ನಾಲ್ಕು ದಿನದಿಂದ ಒಳಗೆ ಏನೋ ಸದ್ದು ಬರುತ್ತಿದೆ ಅಂತ ತಾನು ಹೇಳಿದ್ದನ್ನು ಆಕೆ ಮೆಲ್ಲಗೆ ನೆನಪಿಸಿದಳು. ಹೇಳಿದರೆ ಸಾಲದು, ಬರೆದುಕೊಡಬೇಕಿತ್ತು ಎಂದು ಅವರು ಬಾಯಿ ಮುಚ್ಚಿಸಿದರು. ಅವನು ಬ್ಯಾಗಿನ ಜಿಪ್ಪು ಎಳೆದು ಸ್ಕ್ರೂಡ್ರೈವರ್ ಹುಡುಕುವವನ ಹಾಗೆ ತಲೆ ತಗ್ಗಿಸಿದ, ಸ್ಕ್ರೂಡ್ರೈವರ್ ಆಗಲೇ ಕೈಯಲ್ಲಿತ್ತು.

ಬಿಚ್ಚುತ್ತಾ ಹೋದ. ಕೈಗೆ ಮೂವತ್ತು ವರ್ಷದ ಅಭ್ಯಾಸವಿದೆ, ಕಣ್ಣಿನ ಹಂಗಿಲ್ಲ. ಕಣ್ಣಿನ ಹಂಗು ಬೀಳುವುದು ಏನಾದರೂ ಕೈತಪ್ಪಿದಾಗ ಮಾತ್ರ. ಎರಡೂ ಕಣ್ಣಿಗೆ ಪೊರೆ, ಬಲಗಡೆಯದ್ದು ಹೆಚ್ಚು ಬಲಿತಿದೆ, ಆಪರೇಶನ್ ಮಾಡಿಸಲೇಬೇಕು ಎಂದು ಕಣ್ಣಿನ ಡಾಕ್ಟರು ಹೇಳಿ ನಾಲ್ಕು ತಿಂಗಳಾಗಿತ್ತು. ಆ ಚೀಟಿಯನ್ನು ಅವನು ಬ್ಯಾಗಿನ ತಳದಲ್ಲಿ, ಹಳೆಯ ಬೆಲ್ಟುಗಳ ಕೆಳಗೆ ಬಚ್ಚಿಟ್ಟಿದ್ದ. ಹೆಂಡತಿಗೂ ಹೇಳಿರಲಿಲ್ಲ. ಆದರೆ ಇತ್ತೀಚೆಗೆ ಅವನ ಅಂಗಿಗೆ ಗುಂಡಿ ಹಚ್ಚುವಾಗ ಸೂಜಿಗೆ ದಾರ ಪೋಣಿಸಿಕೊಡಿ ಅಂತ ಆಕೆ ಕೇಳುವುದನ್ನು ನಿಲ್ಲಿಸಿದ್ದಳು. ಮೊದಲೆಲ್ಲ ಕೇಳುತ್ತಿದ್ದಳು, ಸಣ್ಣ ಕೆಲಸದಲ್ಲಿ ನಿಮ್ಮನ್ನು ಬಿಟ್ಟರಿಲ್ಲ ಎಂದು ಛೇಡಿಸುತ್ತಿದ್ದಳು. ಸರ್ವೀಸು ಆಫೀಸಿನಲ್ಲಿ ಅವನಿಗೆ ಡಾಕ್ಟ್ರು ಅಂತಲೇ ಹೆಸರು, ಮಶೀನಿಗೆ ಕಿವಿ ಹಚ್ಚಿ ರೋಗ ಹೇಳುತ್ತಾನೆಂದು. ಹೋದ ತಿಂಗಳು, ಅವನ ಕೆಲಸದ ಮೇಲೆ ಎರಡನೆಯ ದೂರು ಬಂದಾಗ, ಸೂಪರ್‌ವೈಸರ್ ಎಲ್ಲರೆದುರು ಒಂದು ಟೋನರ್ ಡಬ್ಬಿ ಎತ್ತಿ ಹಿಡಿದು, ಇದರ ಮೇಲಿನ ನಂಬರು ಓದಿ ಡಾಕ್ಟ್ರೇ ಅಂದಿದ್ದ. ಅವನಿಗೆ ಆ ನಂಬರು ಬಾಯಿಪಾಠ ಇತ್ತು, ಥಟ್ಟನೆ ಹೇಳಿಬಿಟ್ಟಿದ್ದ. ಹುಡುಗರು ಭಲೇ ಎಂದು ಮೇಜು ಗುದ್ದಿದ್ದರು. ಸೂಪರ್‌ವೈಸರ್ ಮಾತ್ರ ನಗಲಿಲ್ಲ. ಇನ್ನೊಂದು ದೂರು ಬಂದರೆ ಮನೆಯಲ್ಲಿ ಕೂತು ವಿಶ್ರಾಂತಿ ತಗೊಳ್ಳಿ ಅಂದ. ವಿಶ್ರಾಂತಿ! ಆ ಮಾತನ್ನು ನೆನೆದರೆ ಈಗಲೂ ಅವನ ಕಿವಿಯ ತುದಿ ಬಿಸಿಯಾಗುತ್ತದೆ.

ಹನ್ನೊಂದೂ ಬಿಚ್ಚಿ ತಟ್ಟೆಗೆ ಹಾಕಿದ. ಕಪ್ಪಿನದ್ದನ್ನು ಬೇಕೆಂದೇ ಉಳಿದವುಗಳ ಅಡಿಗೆ ತಳ್ಳಿದ, ಯಾರು ನೋಡುತ್ತಾರೋ ಎಂದು. ಮುಚ್ಚಳ ತೆಗೆದು ಗೋಡೆಗೆ ಒರಗಿಸಿ ಮೋಟರಿನ ವೈರು ಬಿಡಿಸಿದ, ಮೋಟರನ್ನೇ ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಅದರ ಕಡ್ಡಿಯನ್ನು ಎರಡು ಬೆರಳಲ್ಲಿ ತಿರುಗಿಸಿದ. ಬೆಣ್ಣೆಯಷ್ಟು ನಯವಾಗಿ ತಿರುಗಿತು. ವೈರು ಮತ್ತೆ ಕೊಟ್ಟು ಒಂದು ಗಳಿಗೆ ಬರೀ ಮೋಟರನ್ನೇ ಓಡಿಸಿದ. ಗುಂಯ್ ಎಂದು ಓಡಿತು. ಮೋಟರು ಸುಟ್ಟಿಲ್ಲವಾ ಹಾಗಾದ್ರೆ ಎಂದು ಮ್ಯಾನೇಜರು ಬಾಗಿದರು, ಅವರ ಉಸಿರು ಅವನ ಕತ್ತಿಗೆ ತಗುಲಿತು. ಸುಟ್ಟಿಲ್ಲ, ಅದು ಎಳೆಯಬೇಕಾದ್ದು ಎಲ್ಲೋ ಹಿಡಿದುಕೊಂಡಿದೆ, ಅದಕ್ಕೇ ತನ್ನನ್ನು ತಾನು ನಿಲ್ಲಿಸಿಕೊಂಡಿದೆ ಎಂದು ಅವನು ಗೋಡೆಗೆ ಹೇಳಿದ ಹಾಗೆ ಹೇಳಿದ. ಅಂದ್ರೆ ಒಳಗೆ ಏನೋ ಹೋಗಿದೆ, ಅಲ್ವಾ ಎಂದರು ಮ್ಯಾನೇಜರು. ಹೌದು ಅನ್ನದೆ ಗತಿಯಿರಲಿಲ್ಲ. 'ಕೇಳಿದ್ರಾ?' ಎಂದು ಅವರು ತಿರುಗಿದ್ದು ಟೈಪಿಸ್ಟ್ ಕಡೆಗೆ. ಆಕೆ ಕೈಯಲ್ಲಿದ್ದ ಕಾಗದಗಳ ಅಂಚನ್ನು ಮೇಜಿಗೆ ಕುಟ್ಟಿ ಸಮ ಮಾಡುತ್ತಿದ್ದಳು, ಆಗಲೇ ಸಮವಾಗಿದ್ದವು. ಅವನು ಅಂದುಕೊಂಡ: ಹೌದು ಅಂದದ್ದು ಸುಳ್ಳಲ್ಲ. ಒಳಗೆ ಏನೋ ಹೋಗಿದೆ ಅನ್ನುವುದು ನೂರಕ್ಕೆ ನೂರು ನಿಜ. ಮತ್ತೆ ಅಂದುಕೊಂಡ: ಥೂ.

ಅಷ್ಟರಲ್ಲಿ ಫೋನು ಬಂದು ಮ್ಯಾನೇಜರು ತಮ್ಮ ಗಾಜಿನ ಕೋಣೆಗೆ ಹೋದರು. ಹಿಡಿದುಕೊಂಡದ್ದು ಎಲ್ಲಿ ಎಂದು ಪತ್ತೆ ಮಾಡುವುದಕ್ಕೆ ಒಂದೇ ದಾರಿ. ಒಂದೊಂದೇ ಭಾಗ ಕಳಚುತ್ತಾ, ಪ್ರತಿ ಸಲ ಹಲ್ಲಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಕಾಗದಕ್ಕೆ ಕಾವು ಕೊಡುವ ರೋಲರು ತೆಗೆದ, ತಿರುಗಲಿಲ್ಲ. ಡ್ರಮ್ಮು ತೆಗೆದು ಬೆಳಕು ತಾಗದಂತೆ ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟ, ತಿರುಗಲಿಲ್ಲ. ಇಷ್ಟು ಸಾಲದೇ? ಮೂಲೆಯಲ್ಲಿರುವುದು ಏನೆಂದು ಗೊತ್ತಿದ್ದೂ ಊರೆಲ್ಲ ಸುತ್ತುತ್ತಿದ್ದೇನೆ ಎನ್ನಿಸಿತು. ಒಂದು ಪಿನ್ನು ಸಿಗಲಿ, ಹರಿದ ಕಾಗದದ ಚೂರು ಸಿಗಲಿ, ಆಕೆಯದ್ದೇ ತಪ್ಪಾಗಿರಲಿ ಎಂದು ಅವನು ಬೇಡಿಕೊಳ್ಳುತ್ತಿದ್ದಾನೆ ಅನ್ನುವುದು ಅವನಿಗೇ ತಡವಾಗಿ ತಿಳಿಯಿತು, ತಿಳಿದಮೇಲೂ ಬೇಡಿಕೊಳ್ಳುವುದು ನಿಲ್ಲಲಿಲ್ಲ. ಮನೆಯಲ್ಲಿ ಹೆಂಡತಿ ಈಗೀಗ ದಾರವನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ತನ್ನ ಪಾಡಿಗೆ ತಾನೇ ಪೋಣಿಸಿಕೊಳ್ಳುತ್ತಾಳೆ, ಇವನ ಕಡೆ ನೋಡುವುದಿಲ್ಲ. ನೋಡಿಬಿಟ್ಟರೆ ಹೇಳಿಬಿಡುತ್ತಾನೆ ಎಂದು ಅವಳಿಗೂ ಭಯವಿರಬೇಕು. ಅವನು ಬೆರಳನ್ನು ಚಕ್ರಗಳ ಸಂದಿಗೆ ಇಳಿಸಿದ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ, ಕೆಳಗಡೆ, ಗಟ್ಟಿಯಾದ್ದೇನೋ ಉಗುರಿಗೆ ತಾಗಿತು. ಚಿಮಟದಲ್ಲಿ ಹಿಡಿದು ಎಳೆದ. ಬೆಳ್ಳಗಿನ ತಲೆ, ಚಕ್ರದ ಹಲ್ಲು ಕಚ್ಚಿ ಕುತ್ತಿಗೆಯ ಬಳಿ ಸೊಟ್ಟಗಾಗಿತ್ತು. ಒಳಗಿನ ಅಂಚಿನ ಮೇಲೆ ಎರಡು ವಾರಕ್ಕೂ ಹೆಚ್ಚು ತೆಪ್ಪಗೆ ಕೂತಿದ್ದು, ಮಶೀನು ನಡುಗಿದಾಗೆಲ್ಲ ಕೂದಲೆಳೆಯಷ್ಟು ಜಾರುತ್ತಾ, ನಾಲ್ಕು ದಿನದ ಹಿಂದೆ ಚಕ್ರಗಳ ಬಾಯಿಗೆ ಬಿದ್ದಿತ್ತು. ಅವನು ಹಿಂತಿರುಗಿ ನೋಡದೆ ಅದನ್ನು ಮುಷ್ಟಿಯಲ್ಲಿ ಮುಚ್ಚಿ, ಬೆವರು ಒರೆಸಿಕೊಳ್ಳುವ ನೆಪದಲ್ಲಿ ಕರವಸ್ತ್ರದ ಜೊತೆ ಜೇಬಿಗಿಳಿಸಿದ.

ಬೆನ್ನ ಹಿಂದೆ ಆಕೆ ಇದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಿರುಗಿದಾಗ ಆಕೆ ಗಾಜಿನ ಕೋಣೆಯೊಳಗಿದ್ದಳು. ಮಾತು ಕೇಳಿಸುತ್ತಿರಲಿಲ್ಲ. ಮ್ಯಾನೇಜರು ಒಂದು ಬಿಳಿ ಹಾಳೆಯನ್ನು ಆಕೆಯ ಕಡೆ ಸರಿಸಿದರು. ಆಕೆ ನಿಂತೇ ಬಾಗಿ ಬರೆಯತೊಡಗಿದಳು. ಎದುರಿಗೆ ಕುರ್ಚಿಯಿತ್ತು, ಕೂರು ಅಂದಿರಲಿಕ್ಕಿಲ್ಲ. ನಡುವೆ ಒಮ್ಮೆ ಪೆನ್ನು ನಿಲ್ಲಿಸಿ ಏನೋ ಕೇಳಿದಳು, ಅವರು ಗಾಳಿಯಲ್ಲಿ ಬೆರಳಾಡಿಸಿ ಹೇಳಿದರು, ಆಕೆ ಬರೆದಳು. ಏನು ಬರೆಯುತ್ತಿರಬಹುದು ಅಂತ ಅವನು ಯೋಚಿಸಲಿಲ್ಲ. ಯೋಚಿಸದೆ ಇರುವುದು ಒಂದು ಕೆಲಸದ ಹಾಗೆ, ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕಾಗಿತ್ತು. ಕಚ್ಚಿಹೋದ ಚಕ್ರದ ಎರಡು ಹಲ್ಲು ಮುರಿದಿದ್ದವು. ಗುಜರಿಗೆ ಹಾಕಿದ ಮಶೀನೊಂದರಿಂದ ಕಳಚಿಟ್ಟುಕೊಂಡಿದ್ದ ಅದೇ ಥರದ ಚಕ್ರ ಬ್ಯಾಗಿನಲ್ಲಿತ್ತು, ಅದನ್ನು ಕೂರಿಸಿ, ಗ್ರೀಸು ಸವರಿ, ಕೈಯಲ್ಲೇ ಮೂರು ಸುತ್ತು ತಿರುಗಿಸಿದ. ರೋಲರು, ಡ್ರಮ್ಮು, ಮೋಟರು, ಮುಚ್ಚಳ. ಹನ್ನೊಂದು ಸ್ಕ್ರೂ, ಒಂದೊಂದನ್ನೂ ಬಾಯಿಬಿಟ್ಟು ಎಣಿಸಿ ಹಾಕಿದ. ಸರ್ವೀಸಿನ ಚೀಟಿಯಲ್ಲಿ ದೋಷಕ್ಕೆ ಕಾರಣ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಹೊರಗಿನ ವಸ್ತು ಅಂತ ಬರೆದರೆ ಮುಗಿಯಿತು, ಯಾರದ್ದು ಅಂತ ಯಾರೂ ಕೇಳುವುದಿಲ್ಲ.

ಸ್ವಿಚ್ಚು ಹಾಕಿದಾಗ ಮಶೀನು ಒಮ್ಮೆ ಗೊರಕೆ ಹೊಡೆದು, ಆಮೇಲೆ ಸಲೀಸಾಗಿ ಉಸಿರಾಡತೊಡಗಿತು. ಆಕೆ ಕೋಣೆಯಿಂದ ಬಂದು ಪಕ್ಕದಲ್ಲಿ ನಿಂತದ್ದು ಆಗ. ಪರೀಕ್ಷೆಗೆ ಒಂದು ಕಾಗದ ಕೊಡಿ ಎಂದ. ಆಕೆ ಕೈಯಲ್ಲಿದ್ದ ಹಾಳೆಯನ್ನೇ ಚಾಚಿದಳು. ಹೇಗೂ ಇದರದ್ದೇ ಎರಡು ನಕಲು ಬೇಕಂತೆ, ಒಂದು ಫೈಲಿಗೆ, ಒಂದು ಮೇಲಿನವರಿಗೆ ಎಂದಳು. ಅವನು ಗಾಜಿನ ಮೇಲೆ ಹಾಳೆ ಮಗುಚಿ ಗುಂಡಿ ಒತ್ತಿದ. ಬೆಳಕು ಹರಿಯಿತು, ಬೆಚ್ಚಗಿನ ಕಾಗದ ಹೊರಗೆ ಬಂತು. ಅಕ್ಷರ ಮಸುಕಾಗಿದೆಯೋ, ಅಂಚಿನಲ್ಲಿ ಕರಿ ಗೆರೆ ಬಿದ್ದಿದೆಯೋ ನೋಡುವುದು ರೂಢಿ. ತೋಳುದ್ದ ದೂರ ಹಿಡಿದು ನೋಡಿದ. ದಪ್ಪ ದುಂಡು ಅಕ್ಷರ, ಪೊರೆ ಬಂದ ಕಣ್ಣಿಗೂ ಎದ್ದು ಕಾಣುವಂಥದ್ದು. ಪಿನ್ನು ಕೀಳದೆ ಕಾಗದ ಹಾಕಿದ್ದರಿಂದ ಯಂತ್ರದ ಮೋಟರು ಸಿಕ್ಕಿಕೊಂಡಿರುತ್ತದೆ, ಇದಕ್ಕೆ ನನ್ನ ಅಜಾಗರೂಕತೆಯೇ ಕಾರಣವಾಗಿರುತ್ತದೆ, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಈ ಒಂದು ಸಲ ಕ್ಷಮಿಸಬೇಕಾಗಿ ಬೇಡುತ್ತೇನೆ. ಕೆಳಗೆ ಸಹಿ. ನಕಲು ಬಹಳ ಚೊಕ್ಕವಾಗಿ ಬಂದಿತ್ತು.

'ಇದರಲ್ಲಿ ಬರೆದಿರೋದು ನಿಜ ಅಲ್ಲ,' ಎಂದ. ತನ್ನ ದನಿ ತನಗೇ ಬೇರೆಯವರದ್ದಂತೆ ಕೇಳಿಸಿತು.

'ಗೊತ್ತು,' ಎಂದಳು ಆಕೆ, ಗಾಜಿನ ಕೋಣೆಯ ಕಡೆ ಒಮ್ಮೆ ನೋಡಿ. 'ಅವತ್ತು ನೀವು ನೆಲ ತಡವ್ತಾ ಇದ್ರಿ. ಏನಾದ್ರೂ ಬಿತ್ತಾ ಅಂತ ಕೇಳಿದೆ, ಏನಿಲ್ಲ ಅಂದ್ರಿ. ನಿಮ್ಮ ಕೈ ಹತ್ರಾನೇ ಇದ್ದ ಸ್ಪಾನರು ನಿಮಗೆ ಕಾಣ್ತಿರಲಿಲ್ಲ.'

ಮ್ಯಾನೇಜರಿಗೆ ಹೇಳಬಹುದಿತ್ತಲ್ಲ ಎಂದು ಕೇಳಿದ. ಆಕೆ ನಕ್ಕ ಹಾಗೆ ಮಾಡಿದಳು. 'ಹೇಳಿದ್ರೆ ಯಾರನ್ನ ನಂಬ್ತಾರೆ? ಬರೆದುಕೊಟ್ರೆ ಇಲ್ಲಿಗೇ ಮುಗಿಸ್ತೀನಿ, ಸಂಜೆಯೊಳಗೆ ಸಹಿ ಹಾಕ್ತೀನಿ ಅಂದಿದ್ದಾರೆ. ನಂದು ದಡ ಸೇರ್ತು. ನೀವು ದಯವಿಟ್ಟು ಬ್ಯಾಗು ತಗೊಂಡು ಸುಮ್ಮನೆ ಹೋಗಿ.'

ಇದಕ್ಕಿಂತ ಸುಲಭವಾದ ದಾರಿ ಯಾರಿಗೆ ಸಿಗುತ್ತದೆ? ತಪ್ಪು ಹೊತ್ತವಳೇ ಹೋಗು ಅನ್ನುತ್ತಿದ್ದಾಳೆ, ಬಾಗಿಲು ತೆರೆದಿದೆ, ಮೆಟ್ಟಿಲು ಅಲ್ಲೇ ಇದೆ. ಅವನು ಬ್ಯಾಗಿನ ಜಿಪ್ಪು ಎಳೆದ. ಎದ್ದು ನಿಂತ. ಜೇಬಿನಲ್ಲಿ ಅದು ತೊಡೆಗೆ ಚುಚ್ಚುತ್ತಿತ್ತು. ನಾಲ್ಕು ತಿಂಗಳಿಂದ ಒಬ್ಬೊಬ್ಬರೆದುರೂ ಕಾಣುವವನ ಹಾಗೆ ನಟಿಸಿ ನಟಿಸಿ ಅವನಿಗೆ ಸಾಕಾಗಿಹೋಗಿತ್ತು: ಬಸ್ಸಿನ ಬೋರ್ಡಿನೆದುರು, ಹೆಂಡತಿಯೆದುರು, ಇವತ್ತು ಬೆಳಿಗ್ಗೆ ಗೇಟಿನ ಪುಸ್ತಕದಲ್ಲಿ ಹೆಸರನ್ನು ತಪ್ಪು ಅಂಕಣದಲ್ಲಿ ಬರೆದು ಕಾವಲಿನವನು ನಕ್ಕಾಗಲೂ ತಮಾಷೆಗೆ ಬರೆದವನಂತೆ ನಕ್ಕಿದ್ದ. ಈಗ ಈ ಹೆಂಗಸಿನ ದುಂಡು ಅಕ್ಷರ ಬೇರೆ ಅವನ ಬೆನ್ನು ಹತ್ತುತ್ತದೆ. ಮನೆಗೆ ಹೋದರೂ, ಉಂಡು ಮಲಗಿದರೂ. ಇದನ್ನೆಲ್ಲ ಹೊರಗೆ ಹಾಕಿಬಿಡಬೇಕು ಅನ್ನಿಸಿತು, ಹೊಟ್ಟೆ ತೊಳಸಿದವನಿಗೆ ವಾಂತಿಯಾದರೆ ಸಾಕು ಅನ್ನಿಸುತ್ತದಲ್ಲ, ಹಾಗೆ. ಅದರಲ್ಲಿ ಧೈರ್ಯದ ಮಾತೇ ಇರಲಿಲ್ಲ. ಆಕೆ ಹಿಂದಿನಿಂದ ಬೇಡ ಅಂದದ್ದು ಕೇಳಿಸಿತು. ಕೇಳಿಸಿಯೂ ಗಾಜಿನ ಬಾಗಿಲು ತಳ್ಳಿದ.

'ತಪ್ಪು ನಂದು ಸಾರ್,' ಎಂದು ಸೊಟ್ಟ ಸ್ಕ್ರೂವನ್ನು ಮೇಜಿನ ಮೇಲಿಟ್ಟ. ಮೂರು ವಾರದ ಹಿಂದಿನದನ್ನೆಲ್ಲ ಹೇಳಿದ, ಹತ್ತು ಉಳಿದದ್ದು, ಡಬ್ಬಿಯಿಂದ ತೆಗೆದು ಹಾಕಿದ್ದು. ಮ್ಯಾನೇಜರು ಸ್ಕ್ರೂವನ್ನು ಪೆನ್ನಿನ ತುದಿಯಿಂದ ಆಚೀಚೆ ಹೊರಳಿಸಿದರು. ಇಷ್ಟು ಅನುಭವಸ್ಥರು, ಹೇಗಾಯ್ತು ಇದು ಎಂದು ಕೇಳಿದರು. ಕಣ್ಣಿನ ವಿಷಯ ಗಂಟಲಿನವರೆಗೆ ಬಂತು. ಅವಸರದಲ್ಲಿ ಕೈತಪ್ಪಿತು ಎಂದ. ಗದರಿಕೆ ಬೀಳುತ್ತದೆ ಎಂದು ಹೆಗಲು ಕುಗ್ಗಿಸಿ ಕಾದ. ಆದರೆ ಆದದ್ದೇ ಬೇರೆ. ಅವರು ಎದ್ದು ಕೈ ಚಾಚಿದರು. ಮಶೀನು ಓಡುತ್ತಿದೆ, ಸಭೆ ತಪ್ಪುವುದಿಲ್ಲ, ಅವರ ಮುಖದಲ್ಲಿ ಗೆಲುವಿತ್ತು. ತಪ್ಪು ತನ್ನದು ಅಂತ ತಾನಾಗಿ ಬಂದು ಹೇಳಿದ ಸರ್ವೀಸಿನವರನ್ನು ಇದೇ ಮೊದಲು ನೋಡುತ್ತಿದ್ದೇನೆ, ದೂರಿನ ಮಾತೇ ಇಲ್ಲ, ನಿಮ್ಮ ಸೂಪರ್‌ವೈಸರಿಗೆ ನಾನೇ ಫೋನು ಮಾಡಿ ನಾಲ್ಕು ಒಳ್ಳೆ ಮಾತು ಹೇಳುತ್ತೇನೆ ಎಂದರು. ಕೂತುಕೊಳ್ಳಿ ಎಂದರು. ಅವನು ಕೂತ. ಕುರ್ಚಿ ಮೆತ್ತಗಿತ್ತು. ಬೆಳಗಿನಿಂದ ಮಂಡಿಯಲ್ಲಿ ಸೇರಿಕೊಂಡಿದ್ದ ನೋವು ಇಳಿಯತೊಡಗಿತು, ಎದೆಯ ಮೇಲಿನ ಕಲ್ಲು ಜರುಗಿದಂತಾಗಿ ಹಾಯೆನಿಸಿತು. ಆಮೇಲೆ ಅವರು ಟೈಪಿಸ್ಟನ್ನು ಕರೆದರು.

'ಪಿನ್ನು ಕೀಳದೆ ಹಾಕಿದೆ ಅಂತ ಬರೆದಿದ್ದೀರಿ,' ಎಂದರು ಅವರು, ಆಕೆ ತಂದ ಹಾಳೆಯನ್ನು ಎತ್ತಿ ಹಿಡಿದು. 'ಇವರು ನೋಡಿದ್ರೆ ಸ್ಕ್ರೂ ತಂದಿಟ್ಟಿದ್ದಾರೆ. ಹಾಗಾದ್ರೆ ಇದು ಸುಳ್ಳು.'

'ನೀವೇ ಬರೀರಿ ಅಂದ್ರಿ ಸಾರ್.'

'ನಾನು ನಿಜ ಬರೀರಿ ಅಂದೆ.'

ಮಾಡದೇ ಇದ್ದದ್ದನ್ನು ಮಾಡಿದೆ ಅಂತ ಸಹಿ ಹಾಕುವವರು ನಾಳೆ ಇನ್ಯಾವ ಕಾಗದಕ್ಕೆ ಸಹಿ ಹಾಕುತ್ತಾರೋ, ಆಫೀಸಿನ ಕಾಗದಪತ್ರ ಇಂಥವರ ಕೈಯಲ್ಲಿ ಹೇಗೆ ಬಿಡಲಿ ಎಂದು ಮ್ಯಾನೇಜರು ನಿಧಾನವಾಗಿ, ಬೇಸರವಾದವರಂತೆ ಹೇಳಿದರು. ಆ ಬೇಸರ ನಿಜವೇ ಇರಬೇಕು ಅನ್ನಿಸುವ ಹಾಗಿತ್ತು. ಮೇಜಿನ ಮೇಲೆ ಸಹಿಗೆ ಕಾದಿದ್ದ ಕಾಗದವನ್ನು ಮಡಿಸಿ ಡ್ರಾಯರಿನೊಳಗೆ ಹಾಕಿದರು. ಆಕೆಯ ತಪ್ಪೊಪ್ಪಿಗೆಯನ್ನು ಹರಿಯಲಿಲ್ಲ, ಅದನ್ನೂ ಫೈಲಿಗೇ ಸೇರಿಸಿದರು. ಅವನು ಬಾಯಿ ತೆರೆದ. ಅವರದ್ದು ಇದರಲ್ಲಿ ಏನೂ ಇಲ್ಲ ಸಾರ್ ಎಂದು ತೊದಲಿದ. ನಿಮ್ಮ ಭಾಗ ನೀವು ಹೇಳಿದ್ದೀರಿ, ಅದು ದೊಡ್ಡದು, ಇದು ಆಫೀಸಿನ ಒಳಗಿನ ವಿಷಯ ಎಂದು ಅವರು ಅವನ ಭುಜ ತಟ್ಟಿದರು. ಆಕೆ ಆಗ ಅವನ ಕಡೆ ನೋಡಿದಳು. ಇವರಿಗೆ ಕಣ್ಣು ಕಾಣುವುದಿಲ್ಲ ಎಂದು ಒಂದು ಮಾತು ಆಕೆ ಅಲ್ಲಿ ಹೇಳಬಹುದಿತ್ತು, ತಾನು ಬಿದ್ದದ್ದಕ್ಕೆ ಅವನನ್ನೂ ಎಳೆದುಕೊಳ್ಳಬಹುದಿತ್ತು. ಅವನು ಉಸಿರು ಬಿಗಿಹಿಡಿದ. ಆಕೆ ಹೇಳಲಿಲ್ಲ. ಮೊದಲು ಆ ಇನ್ನೂರ ನಲವತ್ತು ಮುಗಿಸಿ ಎಂದರು ಮ್ಯಾನೇಜರು. ಆಕೆ ಸರಿ ಸಾರ್ ಎಂದು ಹೊರಟಳು. ಅಷ್ಟೂ ಹೊತ್ತು ಅವನು ಕುರ್ಚಿಯಿಂದ ಎದ್ದಿರಲಿಲ್ಲ.

ಮಶೀನು ಓಡುತ್ತಿತ್ತು. ಆಕೆ ಪ್ರತಿ ಕಟ್ಟನ್ನೂ ಇಡುವ ಮೊದಲು ಮೂಲೆಯ ಮೇಲೆ ಹೆಬ್ಬೆರಳು ಸವರಿ ಪಿನ್ನಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಬಹಳ ವರ್ಷದ ರೂಢಿ ಅದು, ನೋಡಿದವರಿಗೆ ಗೊತ್ತಾಗುತ್ತದೆ. ಅವನು ಸರ್ವೀಸಿನ ಚೀಟಿ ಹಿಡಿದು ನಿಂತ. ಬಳಸುವವರ ಸಹಿ ಇಲ್ಲದೆ ಕೆಲಸ ಮುಗಿದಂತಲ್ಲ.

'ಮನಸ್ಸು ಹಗುರ ಆಯ್ತಾ?' ಎಂದು ಕೇಳಿದಳು ಆಕೆ. ಚುಚ್ಚಿ ಕೇಳಿದ ಹಾಗಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ ಹಾಗಿತ್ತು.

ಇಲ್ಲ ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ, ಎಷ್ಟೋ ದಿನದ ಮೇಲೆ, ತನಗೆ ಚೆನ್ನಾಗಿ ಹಸಿವಾಗುತ್ತಿದೆ ಅನ್ನುವುದು ಗಮನಕ್ಕೆ ಬಂತು. ನಾಚಿಕೆಯಿಂದ ಅವನ ಮುಖ ಕಪ್ಪಿಟ್ಟಿತು.

'ಆಯ್ತು,' ಎಂದ.

ಆಕೆ ತಲೆಯಾಡಿಸಿದಳು. ಚೀಟಿ ತೆಗೆದುಕೊಂಡು, ಕೆಲಸ ತೃಪ್ತಿಕರವಾಗಿದೆ ಎಂಬಲ್ಲಿ ಅದೇ ದುಂಡು ಅಕ್ಷರದಲ್ಲಿ ತನ್ನ ಸಹಿ ಹಾಕಿದಳು. ಆಮೇಲೆ ಚೀಟಿಯನ್ನು ಅವನ ಕಡೆ ತಿರುಗಿಸಿ, ಅವನಿಗೆ ಕಾಣದ ಸಣ್ಣ ಗೆರೆಯೊಂದರ ಮೇಲೆ ಉಗುರು ಒತ್ತಿ ಹಿಡಿದು, ನಿಮ್ಮದು ಇಲ್ಲಿ ಎಂದಳು. ಅವನು ಆ ಉಗುರಿನ ಪಕ್ಕಕ್ಕೆ ಪೆನ್ನು ತಂದು ಸಹಿ ಹಾಕಿದ.